ಕುಮ್ಸಾರ್ ಮಾಡಿದರೆ ಮುಗಿಯಿತಲ್ಲವೇ?

ಮಂಗಳೂರಿನಲ್ಲಿ ದಸ್ತಾವೇಜು ಬರಹಗಾರನಾಗಿ 26 ವರ್ಷಗಳಿಂದ ಮೇಜು ಹಾಕಿಕೊಂಡು ಕುಳಿತಿರುವ ನನಗೆ, ಕ್ರಯಪತ್ರದ ಕರಡು ಮುದ್ರಣವಾಗಿ ಬರುವವರೆಗಿನ ಬಿಡುವಿನಲ್ಲಿ ಗ್ರಾಹಕರು ಕೇಳುವ ಒಂದು ಪ್ರಶ್ನೆಯಿದೆ. ‘ನಿಮ್ಮದು ಅನುಕೂಲದ ಧರ್ಮ ಮಾರಾಯ್ರೆ, ವಾರವಿಡೀ ಏನು ಬೇಕಾದರೂ ಮಾಡಿ ಆದಿತ್ಯವಾರ ಪಾದ್ರಿಯ ಕಿವಿಯಲ್ಲಿ ಹೇಳಿದರೆ ಮುಗಿಯಿತಲ್ಲ?’ ಕೇಳುವವರಲ್ಲಿ ಹೆಚ್ಚಿನವರಿಗೆ ನೋಯಿಸುವ ಉದ್ದೇಶ ಇರುವುದಿಲ್ಲ. ಬಹಳ ವರ್ಷ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಸುಮ್ಮನಾಗಲು ಕಾರಣ ವಿನಯವಲ್ಲ, ಒಳಗೊಳಗೆ ನಾನೂ ಹಾಗೆಯೇ ನಂಬಿದ್ದೆ.

ಮೊದಲು ಧರ್ಮದ ಮಾತನ್ನು ಹೇಳಿಬಿಡುತ್ತೇನೆ. ಕೊಂಕಣಿಯಲ್ಲಿ ನಾವು ಕುಮ್ಸಾರ್ ಎನ್ನುವ ಪಾಪನಿವೇದನೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಲೇಬೇಕೆಂದು ಕೆಥೋಲಿಕ್ ಸಭೆ 1215ರ ಲ್ಯಾಟರನ್ ಮಹಾಸಭೆಯಲ್ಲಿಯೇ ವಿಧಿಸಿತು. ಆದರೆ ಹೇಳಿಕೊಳ್ಳುವುದು ಅದರ ಒಂದು ಅಂಗ ಮಾತ್ರ. ಅದಕ್ಕೆ ಮೊದಲು ಪಶ್ಚಾತ್ತಾಪವೂ ಇನ್ನು ಮಾಡುವುದಿಲ್ಲವೆಂಬ ಸಂಕಲ್ಪವೂ ಇರಬೇಕು, ಅದರ ನಂತರ ಪ್ರಾಯಶ್ಚಿತ್ತವಿದೆ, ಮತ್ತು ಇನ್ನೊಬ್ಬರದ್ದನ್ನು ತೆಗೆದುಕೊಂಡಿದ್ದರೆ ಅದನ್ನು ಹಿಂದಿರುಗಿಸುವ ಬಾಧ್ಯತೆ ಹಾಗೆಯೇ ಉಳಿಯುತ್ತದೆ. ಹಿಂದಿರುಗಿಸಲು ಶಕ್ತಿಯಿದ್ದೂ ಹಿಂದಿರುಗಿಸದವನ ಪಶ್ಚಾತ್ತಾಪ ಬರೀ ನಟನೆ ಎಂದು ಸಂತ ಅಗಸ್ಟೀನರು ಐದನೆಯ ಶತಮಾನದಷ್ಟು ಹಿಂದೆಯೇ ಪತ್ರವೊಂದರಲ್ಲಿ ಬರೆದಿದ್ದಾರೆ. ಲೂಕನ ಸುವಾರ್ತೆಯ ಜಕ್ಕಾಯನೂ ಯೇಸುವಿನ ಮುಂದೆ ಅತ್ತನೆಂದು ಎಲ್ಲಿಯೂ ಇಲ್ಲ. ಆ ಸುಂಕದವನು ಎದ್ದು ನಿಂತು ಹೇಳಿದ್ದು ಲೆಕ್ಕ: ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದರ ನಾಲ್ಕರಷ್ಟು ಕಳೆದುಕೊಂಡವರಿಗೆ. ಬಲ್ಮಠದ ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಪರಂಪರೆಗೆ ಸೇರಿದ ನನ್ನ ಸ್ನೇಹಿತರೊಬ್ಬರ ಸಭೆಯಲ್ಲಿ ಕುಮ್ಸಾರಿನ ಗೂಡೇ ಇಲ್ಲ, ಪಾಪದ ಅರಿಕೆಯನ್ನು ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಮಾಡುತ್ತಾರೆ. ಜಕ್ಕಾಯನಿಂದ ಮಾತ್ರ ಅವರಿಗೂ ಬಿಡುಗಡೆಯಿಲ್ಲ.

ಇದೆಲ್ಲ ನನಗೆ ಧರ್ಮೋಪದೇಶದ ತರಗತಿಯಿಂದಲೇ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ಒಂದು ಕೆಲಸವನ್ನು ಹೇಳದಿದ್ದರೆ ಈ ಉತ್ತರ ಅರ್ಧವಾಗುತ್ತದೆ.

ನನ್ನ ತಂದೆ ಉಯಿಲು ಬರೆಯದೆ ತೀರಿಕೊಂಡಾಗ ತಾಯಿ ಆಗಲೇ ಇರಲಿಲ್ಲ. ಉಳಿದವರು ಅಣ್ಣ, ನಾನು ಮತ್ತು ಮದುವೆಯಾಗಿ ಶಿರ್ವದ ಕಡೆ ಹೋಗಿದ್ದ ತಂಗಿ. ಆಸ್ತಿಯೆಂದರೆ 27 ಸೆಂಟ್ಸ್ ಜಾಗ. ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು, ಅಂದರೆ ತಲಾ 9 ಸೆಂಟ್ಸ್. ಮದುವೆಯಲ್ಲಿ ಕೊಟ್ಟದ್ದನ್ನು ಪಾಲಿನಿಂದ ಕಳೆಯುವ ಪದ್ಧತಿ ನಮ್ಮ ಮನೆಗಳಲ್ಲಿದೆ, ಕಾಯ್ದೆಯಲ್ಲಿಲ್ಲ. ತಂದೆ ಬದುಕಿದ್ದಾಗ ಮಗುವಿನ ಏಳಿಗೆಗೆಂದು ಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅದರ 49ನೆಯ ಕಲಮು ಸ್ಪಷ್ಟವಾಗಿಯೇ ಹೇಳುತ್ತದೆ. ಈ ಕಲಮನ್ನು ಬಲ್ಲವನು ನಮ್ಮ ಮೂವರಲ್ಲಿ ನಾನೊಬ್ಬನೇ. ತಂಗಿಯ ಹಕ್ಕುಬಿಡುಗಡೆ ಪತ್ರವನ್ನು ಬರೆದವನೂ ನಾನೇ.

ಆ ಪತ್ರದ ಭಾಷೆ ನಮ್ಮ ವೃತ್ತಿಯವರಿಗೆ ಬಾಯಿಪಾಠ. ‘ಯಾರ ಒತ್ತಾಯವೂ ಪ್ರೇರಣೆಯೂ ಇಲ್ಲದೆ, ಸ್ವಇಚ್ಛೆಯಿಂದ, ಸಲ್ಲತಕ್ಕ ಪ್ರತಿಫಲವನ್ನು ಪೂರ್ತಿ ಪಡೆದುಕೊಂಡು’ ಎಂಬ ಮೂರು ತುಂಡುಗಳಲ್ಲಿ ಒಂದೂ ನಿಜವಾಗಿರಲಿಲ್ಲ. ಉಪನೋಂದಣಿ ಕಚೇರಿಯಲ್ಲಿ ಅವಳು ಕ್ಯಾಮೆರಾದ ಮುಂದೆ ಕುಳಿತಳು, ಹೆಬ್ಬೆಟ್ಟು ಒತ್ತಿದಳು, ಸಹಿ ಹಾಕಿದಳು. ಆಮೇಲೆ ಹಂಪನಕಟ್ಟೆಯ ಹೋಟೆಲಿನಲ್ಲಿ ಮೂವರೂ ಊಟ ಮಾಡಿದೆವು, ಬಿಲ್ಲನ್ನು ಅಣ್ಣ ಕೊಟ್ಟ. ನಾಲ್ಕು ವರ್ಷಗಳ ನಂತರ ಜಾಗವನ್ನು ಮಾರಿ, ಹಣವನ್ನು ಅಣ್ಣತಮ್ಮಂದಿರು ಸಮನಾಗಿ ಹಂಚಿಕೊಂಡೆವು.

ಈ ನಡುವೆ ನಾನು ಪ್ರಾಮಾಣಿಕನೆಂದೇ ಹೆಸರಾಗಿದ್ದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯಬಾರದೆಂಬ ನಿಯಮ 2015ರ ಜೂನ್‌ನಲ್ಲಿ ಜಾರಿಗೆ ಬಂದಾಗ, ಅದನ್ನು ಮರೆಮಾಚುವ ಕರಾರುಪತ್ರ ಬರೆಯುವುದಿಲ್ಲವೆಂದು ಗಿರಾಕಿಗಳನ್ನು ಪಕ್ಕದ ಮೇಜಿಗೆ ಕಳುಹಿಸಿದವನು ನಾನು. ಸರಕಾರದ ಲೆಕ್ಕದಲ್ಲಿ ಅಷ್ಟು ಬಿಗಿಯಾಗಿದ್ದವನಿಗೆ ಮನೆಯ ಲೆಕ್ಕದಲ್ಲಿ ಸಡಿಲವಾಗುವುದು ಕಷ್ಟವೆನಿಸಲೇ ಇಲ್ಲ. ಕನ್ನಡ ಬೈಬಲಿನಲ್ಲಿ ಯೋಬನನ್ನು ವರ್ಣಿಸಲು ‘ಯಥಾರ್ಥಚಿತ್ತ’ ಎಂಬ ಪದವಿದೆ. ಪ್ರಾಮಾಣಿಕ ಎಂಬುದಕ್ಕಿಂತ ನನಗೆ ಆ ಪದವೇ ಹೆಚ್ಚು ಭಯ ಹುಟ್ಟಿಸುತ್ತದೆ, ಏಕೆಂದರೆ ಪ್ರಾಮಾಣಿಕತೆಯನ್ನು ಕಚೇರಿಯ ಹೊತ್ತಿಗೆ ಸೀಮಿತಗೊಳಿಸಬಹುದು. ಚಿತ್ತಕ್ಕೆ ಕಚೇರಿಯ ಹೊತ್ತಿಲ್ಲ.

ಮೂರು ವರ್ಷಗಳ ಹಿಂದಿನ ತಪಸ್ಸುಕಾಲದಲ್ಲಿ, ಪಾಸ್ಖ (ಈಸ್ಟರ್) ಹಬ್ಬಕ್ಕೆ ಮೊದಲು ಎಂದಿನಂತೆ ಕುಮ್ಸಾರಿಗೆ ಹೋದೆ. ಗುಟ್ಟು ಕಾಯುವ ಬಾಧ್ಯತೆ ಪಾದ್ರಿಯದ್ದೇ ಹೊರತು ನನ್ನದಲ್ಲವಾದ್ದರಿಂದ ಅಲ್ಲಿ ನಡೆದುದನ್ನು ಹೇಳಬಹುದು. ಕರಡು ಬರೆದು ಪಳಗಿದ ನಾಲಿಗೆಯಲ್ಲವೇ, ‘ಜಾಗದ ವಿಷಯದಲ್ಲಿ ತಂಗಿಯ ಮನಸ್ಸು ನೋಯಿಸಿರಬಹುದು’ ಎಂದು, ಯಾವ ನ್ಯಾಯಾಲಯದಲ್ಲಿಯೂ ಹೊಣೆಯಾಗದ ಒಂದು ವಾಕ್ಯವನ್ನು ಹೇಳಿದೆ. ಜಾಲರಿಯ ಆಚೆಗೆ ಸ್ವಲ್ಪ ಹೊತ್ತು ಮೌನ. ನಂತರ ಆ ವೃದ್ಧ ಗುರುಗಳು ಕೇಳಿದರು, ‘ಎಷ್ಟು ಸೆಂಟ್ಸ್?’

ಒಂಬತ್ತು ಎಂದೆ. ಅದರಲ್ಲಿ ನನಗೆ ಬಂದದ್ದು ನಾಲ್ಕೂವರೆ ಎಂದು ಸೇರಿಸಿದೆ. ಅದನ್ನು ಕೊಡುವುದು ಹೇಗೆಂದು ಯೋಚಿಸಿ ಎಂದು ಹೇಳಿ ಅವರು ಪಾಪವಿಮೋಚನೆಯ ಪ್ರಾರ್ಥನೆಯನ್ನು ಹೇಳಿದರು. ಬೈದಿದ್ದರೆ ವಾದಿಸುತ್ತಿದ್ದೆನೇನೋ. ನನ್ನನ್ನು ಕೇಳುವವರಿಗೆ ಅರ್ಥವಾಗದಿರುವುದು, ಬಹುಶಃ, ಈ ಭಾಗವೇ. ಕ್ಷಮೆ ಸಿಕ್ಕಿತೆಂದು ಆ ದಿನ ಸಾಲ ತೀರಲಿಲ್ಲ. ಅಲ್ಲಿಯವರೆಗೆ ಸಾಲವೇ ಇಲ್ಲವೆಂದು ಸಾಧಿಸುತ್ತಾ ಬಂದವನಿಗೆ, ಸಾಲಗಾರನೆಂದು ಒಪ್ಪಿಕೊಂಡ ಮೇಲೂ ದೇವರು ಹೊರಗೆ ಹಾಕುವುದಿಲ್ಲವೆಂಬ ಧೈರ್ಯ ಬಂದಿತು, ಲೆಕ್ಕದ ಪುಸ್ತಕ ತೆರೆಯಲು ಅಷ್ಟು ಸಾಕಾಯಿತು.

ನನ್ನ ಪಾಲಿಗೆ ಬಂದ ಹಣದ ಮೂರನೆಯ ಒಂದು ಭಾಗ ಅವಳದ್ದು. ಜಕ್ಕಾಯನಂತೆ ನಾಲ್ಕರಷ್ಟು ಕೊಡುವ ಶಕ್ತಿ ನನಗಿಲ್ಲ. ಒಂದರಷ್ಟನ್ನೇ ನಾಲ್ಕು ಕಂತು ಮಾಡಿಕೊಂಡಿದ್ದೇನೆ. ಮೊದಲ ಚೆಕ್ಕನ್ನು ಹಿಡಿದುಕೊಂಡು ಶಿರ್ವಕ್ಕೆ ಹೋದ ದಿನ ತಂಗಿ ಅದನ್ನು ಓದಿ, ಮಡಚಿ, ದೇವರ ಪೀಠದ ಕೆಳಗಿನ ಡ್ರಾಯರಿನಲ್ಲಿ ಇಟ್ಟಳು. ‘ಆ ದಿನ ನನ್ನ ಪೆನ್ನು ಬರೆಯಲಿಲ್ಲ, ನೀನೇ ನಿನ್ನದನ್ನು ಕೊಟ್ಟೆ’ ಎಂದಳು. ಅಷ್ಟು ಹೇಳಿ ಚಹಾ ಮಾಡಲು ಒಳಗೆ ಹೋದಳು. ಪೆನ್ನಿನ ವಿಷಯ ನನಗೆ ನೆನಪೇ ಇರಲಿಲ್ಲ. ಚೆಕ್ಕು ಬ್ಯಾಂಕಿಗೆ ಹೋದದ್ದು ಎರಡು ತಿಂಗಳ ಮೇಲೆ.

ಅಣ್ಣನ ಪ್ರಕಾರ ನೋಂದಣಿಯಾದ ಪತ್ರವೇ ಸತ್ಯ, ನಾನು ಮಾಡುತ್ತಿರುವುದು ಅವನಿಗೆ ಮಾಡುವ ಅವಮಾನ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ಅಕ್ಕಿಯ ಊಟವನ್ನು ಈಗ ನಾವು ಒಂದೇ ಮನೆಯಲ್ಲಿ ಮಾಡುತ್ತಿಲ್ಲ.

ನನ್ನ ಮೇಜಿನಲ್ಲಿ ಒಂದು ಬದಲಾವಣೆಯಾಗಿದೆ. ಹಕ್ಕುಬಿಡುಗಡೆ ಪತ್ರಕ್ಕೆಂದು ಯಾರಾದರೂ ಬಂದರೆ ಅಣ್ಣತಮ್ಮಂದಿರನ್ನು ಹೊರಗೆ ಕೂರಿಸಿ, ಅಕ್ಕತಂಗಿಯರಿಗೆ ಅವರ ಪಾಲು ಎಷ್ಟೆಂದು ತಿಳಿಸಿಯೇ ಬರೆಯುತ್ತೇನೆ. ಕೆಲವು ಗಿರಾಕಿಗಳು ಎದ್ದು ಹೋದದ್ದೂ ಇದೆ. ಕಳೆದ ತಿಂಗಳು ಬಂದ ಹೆಂಗಸೊಬ್ಬರು ನನ್ನ ಮಾತನ್ನೆಲ್ಲ ಕೇಳಿ, ‘ಅದು ನನಗೆ ಗೊತ್ತುಂಟು. ಆದರೆ ನನಗೆ ತವರಿನ ಬಾಗಿಲು ಬೇಕು, ಬರೆಯಿರಿ’ ಎಂದರು. ಬರೆದುಕೊಟ್ಟೆ. ‘ಸ್ವಇಚ್ಛೆಯಿಂದ’ ಎಂಬಲ್ಲಿಗೆ ಬಂದಾಗ ಕೈ ಒಮ್ಮೆ ನಿಂತಿತು, ಆದರೂ ಟೈಪ್ ಮಾಡಿದೆ. ಮುಂದಿನ ಕುಮ್ಸಾರಿನಲ್ಲಿ ಅದನ್ನು ಹೇಳಬೇಕೇ ಎಂಬುದು ನನಗಿನ್ನೂ ತೀರ್ಮಾನವಾಗಿಲ್ಲ.