ನಿಂಬೆಯ ಚಿಗುರಿನಲ್ಲಿ ರಂಗೋಲಿ ಹುಳು

ಮಳೆ ಹಿಂದೆ ಸರಿದು ನವರಾತ್ರಿ ಹತ್ತಿರವಾಗುವ ಹೊತ್ತಿಗೆ ಕಟಪಾಡಿಯ ನಮ್ಮ ಮನೆಯಂಗಳದ ನಿಂಬೆಗಿಡ ಮೈತುಂಬ ಚಿಗುರಿತ್ತು. ಆದರೆ ಆ ಚಿಗುರೆಲೆಗಳೆಲ್ಲ ಮುರುಟಿಕೊಂಡು, ಅವುಗಳ ಮೇಲೆ ಬೆಳ್ಳಿಬಣ್ಣದ ಅಂಕುಡೊಂಕು ಗೀರುಗಳು ಎದ್ದಿದ್ದವು. "ರಂಗೋಲಿ ಹುಳು ಬಿದ್ದಿದೆ ಮಾರಾಯ, ಇವತ್ತೇ ಏನಾದರೂ ಮದ್ದು ಬಿಡು" ಎಂದು ದೊಡ್ಡಮ್ಮ ಬೆಳಿಗ್ಗೆಯೇ ಹೇಳಿದರು.

ಮದ್ದು ಬಿಡುವ ಮೊದಲು ಹುಳುವನ್ನೊಮ್ಮೆ ನೋಡೋಣವೆಂದು ಕೆಲವು ಎಲೆಗಳನ್ನು ಕಿತ್ತು, ಭೂತಗನ್ನಡಿ ಹಿಡಿದು ಜಗಲಿಯಲ್ಲಿ ಕುಳಿತೆ. ನಡುನರದ ಪಕ್ಕದಲ್ಲಿ ಕೂದಲೆಳೆಯಷ್ಟು ಸಪೂರವಾಗಿ ಹೊರಟ ಗೀರು, ಹೋದಂತೆಲ್ಲ ಅಗಲವಾಗುತ್ತ, ಸುತ್ತಿ ಬಳಸಿ ಎಲೆಯ ಅಂಚಿನತ್ತ ಸಾಗಿತ್ತು. ಗೀರಿನ ನಡುವೆ ಉದ್ದಕ್ಕೂ ಕಂಡ ಕಪ್ಪು ಗೆರೆ ಹುಳುವಿನ ಹಿಕ್ಕೆ. ಗೀರು ಮುಗಿಯುವಲ್ಲಿ, ಪಾರದರ್ಶಕವಾದ ತೆಳುಪೊರೆಯ ಕೆಳಗೆ, ಕಾಲುಗಳೇ ಇಲ್ಲದ ಚಪ್ಪಟೆ ಹಳದಿ ಮರಿಯೊಂದು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ದಾರಿ ಬಿಡಿಸಿಕೊಳ್ಳುತ್ತಿತ್ತು. ಅದು ಎಲೆಯನ್ನು ಅಗಿದು ತಿನ್ನುವುದಿಲ್ಲ. ಹೊರಪದರದ ಜೀವಕೋಶಗಳನ್ನು ಸೀಳಿ ರಸ ಹೀರುತ್ತದೆ. ಮೇಲಿನ ಪೊರೆ ಎಲೆಯಿಂದ ಬೇರ್ಪಡುವುದರಿಂದಲೇ ಗೀರಿಗೆ ಆ ಹೊಳಪು.

ಇದು ಫಿಲ್ಲೊಕ್ನಿಸ್ಟಿಸ್ ಸಿಟ್ರೆಲ್ಲಾ ಎಂಬ ಪತಂಗದ ಮರಿ. 1856ರಲ್ಲಿ ಸ್ಟೇನ್‌ಟನ್ ಎಂಬ ಇಂಗ್ಲಿಷ್ ಕೀಟತಜ್ಞ ಇದಕ್ಕೆ ಹೆಸರಿಟ್ಟದ್ದು ಕಲ್ಕತ್ತದ ಮಾದರಿಗಳನ್ನು ನೋಡಿ. ನಮ್ಮ ಕಡೆಯ ಈ ಹುಳು 1993ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡಾಗ ಅಲ್ಲಿನವರು ಗಾಬರಿಬಿದ್ದರಂತೆ. ಪರವೂರಿಗೆ ಹೋದ ಮೇಲೆಯೇ ಕೆಲವರಿಗೆ ಹೆಸರು ಬರುವುದು.

ಮಧ್ಯಾಹ್ನ ಊಟವಾದ ಮೇಲೆ, ಅಂಚು ಮಡಚಿಕೊಂಡಿದ್ದ ಎಲೆಗಳನ್ನು ಸೂಜಿಯಿಂದ ಬಿಡಿಸಿದೆ. ಬೆಳೆದ ಮರಿ ಆಹಾರ ಬಿಟ್ಟು, ರೇಷ್ಮೆಯೆಳೆ ನೂತು, ಎಲೆಯಂಚನ್ನು ತನ್ನ ಮೇಲೆಯೇ ಮಗುಚಿಕೊಂಡು ಕೋಶಾವಸ್ಥೆಗೆ ಸೇರುತ್ತದೆ. ಒಂದು ಮಡಿಕೆಯಲ್ಲಿ ಕಂದುಬಣ್ಣದ ಕೋಶವಿತ್ತು. ಇನ್ನೊಂದು ಎಲೆಯ ಗೀರಿನೊಳಗೆ ಮಾತ್ರ ಮರಿ ಒಣಗಿ ಸಿಪ್ಪೆಯಾಗಿ, ಅದರ ಪಕ್ಕದಲ್ಲಿ ಕಡುಕಪ್ಪಾದ, ಸಾಸಿವೆಗಿಂತಲೂ ಚಿಕ್ಕ ಕೋಶವೊಂದು ಬಿದ್ದುಕೊಂಡಿತ್ತು. ಅದು ಪರಾವಲಂಬಿ ಕಣಜದ್ದು: ತಾಯಿ ಕಣಜ ಎಲೆಯ ಪೊರೆಯನ್ನು ಚುಚ್ಚಿ, ಒಳಗಿರುವ ಮರಿಯ ಮೇಲೆ ಮೊಟ್ಟೆಯಿಡುತ್ತದೆ. ಇದನ್ನು ಕಂಡ ಮೇಲೆ ವಿಷ ಸಿಂಪಡಿಸಲು ನನಗೆ ಮನಸ್ಸಾಗಲಿಲ್ಲ. ಎಲೆಯ ಮೇಲೆ ಬಿದ್ದಷ್ಟರಿಂದಲೇ ಕೊಲ್ಲುವ ಮದ್ದು ಪೊರೆಯ ಕೆಳಗಿನ ಮರಿಯನ್ನು ಮುಟ್ಟುವುದಿಲ್ಲ, ಹೊರಗೆ ಓಡಾಡುವ ಕಣಜವನ್ನು ಮುಗಿಸಿಬಿಡುತ್ತದೆ.

ಮುಸ್ಸಂಜೆಗೆ ಟಾರ್ಚ್ ಹಿಡಿದು ಗಿಡದ ಬುಡಕ್ಕೆ ಹೋದಾಗ ದೊಡ್ಡಮ್ಮನೂ ಬಂದರು. ಕೊಂಬೆ ಅಲುಗಿಸಿದರೆ ಬಿಳಿ ಹುಡಿಯಂಥದ್ದೇನೋ ಹಾರಿ ಮತ್ತೆ ಎಲೆಯಡಿಗೆ ಸೇರಿತು. ರೆಕ್ಕೆ ಬಿಚ್ಚಿದರೂ ಅರ್ಧ ಸೆಂಟಿಮೀಟರಿನ ಆಸುಪಾಸು. ಮುಂರೆಕ್ಕೆಯ ತುದಿಯಲ್ಲೊಂದು ಕಪ್ಪು ಚುಕ್ಕೆ. "ಇಷ್ಟು ಸಣ್ಣದಾ!" ಎಂದರು. ಹಗಲೆಲ್ಲ ಅವಿತಿರುವ ಇದು ಕತ್ತಲಾದ ಮೇಲೆ ಎಳೆಯ ಎಲೆಯನ್ನೇ ಹುಡುಕಿ ಮೊಟ್ಟೆಯಿಡುತ್ತದೆ, ಬಲಿತ ಎಲೆ ಅದಕ್ಕೆ ಬೇಡ ಎಂದೆ. ಸೆಕೆ ಇದ್ದರೆ ಮೊಟ್ಟೆಯಿಂದ ಪತಂಗದವರೆಗಿನ ಸುತ್ತು ಎರಡು ವಾರಗಳೊಳಗೇ ಮುಗಿಯಬಹುದು, ಚಳಿಯಿದ್ದರೆ ಏಳು ವಾರಗಳವರೆಗೂ ಎಳೆಯಬಹುದು.

"ಹಾಗಾದರೆ ಚಿಗುರು ಇಣುಕುವಾಗಲೇ ಬೇವಿನೆಣ್ಣೆ ಬಿಡಬೇಕಿತ್ತು, ಅಲ್ವಾ?" ದೊಡ್ಡಮ್ಮ ಸರಿಯಾದ ಜಾಗಕ್ಕೇ ಬಂದಿದ್ದರು. ಗಿಡ ಬೇಗ ಬೆಳೆಯಲೆಂದು ಅವರು ಆಗಾಗ ಹಾಕುತ್ತಿದ್ದ ಯೂರಿಯಾ ಕೂಡ ಹೊತ್ತಲ್ಲದ ಹೊತ್ತಿನಲ್ಲಿ ಚಿಗುರು ತರಿಸಿ ಪತಂಗಕ್ಕೆ ಊಟ ಬಡಿಸುತ್ತಿತ್ತು; ಅದನ್ನು ನಿಲ್ಲಿಸಲು ಒಪ್ಪಿದರು. ನಮ್ಮ ಕರಾವಳಿಯ ಮಳೆಯಲ್ಲಿ ಗೀರಿಗಿಂತ ಹೆಚ್ಚು ಹೆದರಬೇಕಾದದ್ದು ಕಜ್ಜಿ ರೋಗಕ್ಕೆ, ಏಕೆಂದರೆ ಅದರ ಬ್ಯಾಕ್ಟೀರಿಯಾ ಹುಳು ಸೀಳಿದ ಜಾಗದಲ್ಲಿ ಸಲೀಸಾಗಿ ಒಳಹೊಗುತ್ತದೆ. ಕಜ್ಜಿ ಕಂಡ ಒಂದೆರಡು ಕೊಂಬೆಗಳನ್ನು ಮಾತ್ರ ಕತ್ತರಿಸಿ ಬಚ್ಚಲೊಲೆಗೆ ಹಾಕಿದೆವು. ಮುರುಟಿದ ಉಳಿದ ಎಲೆಗಳಲ್ಲಿ ಹಸಿರು ಇನ್ನೂ ಇದ್ದು ಗಿಡಕ್ಕೆ ಅನ್ನ ಬೇಯಿಸುತ್ತಿದ್ದುದರಿಂದ ಅವನ್ನು ಹಾಗೆಯೇ ಬಿಟ್ಟೆವು.