ಚೆಂಡು ಹೋದದ್ದು ತಪ್ಪು ಕಡೆಯಿಂದ

ಮೇ ಕೊನೆಯ ವಾರ. ಮಂಗಳೂರಿನಲ್ಲಿ ಮರ ಹತ್ತಿ ಗೆಲ್ಲು ಕಡಿಯುವ ನಮ್ಮಂಥವರಿಗೆ ಇದೇ ಸುಗ್ಗಿ. ಮಳೆ ಹಿಡಿಯುವ ಮೊದಲು ಹಂಚಿನ ಮೇಲಿನ ಗೆಲ್ಲು ತೆಗೆಸಬೇಕು ಅಂತ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತದೆ.

ಕದ್ರಿಯ ಹಳೇ ಮನೆ, ಹಿತ್ತಲಲ್ಲಿ ಹಲಸಿನ ಮರ. ಹತ್ತುವ ಹಗ್ಗ ಗೆಲ್ಲಿಗೆ ಉಜ್ಜದ ಹಾಗೆ ಗೆಲ್ಲಿನ ಮೇಲೆ ಒಂದು ಪಟ್ಟಿ ಹಾಕುತ್ತೇವೆ, ಅದೇ ಫ್ರಿಕ್ಷನ್ ಸೇವರ್. ಒಂದು ತುದಿಗೆ ದೊಡ್ಡ ರಿಂಗ್, ಇನ್ನೊಂದಕ್ಕೆ ಸಣ್ಣದು, ಹಗ್ಗ ಎರಡರೊಳಗಿಂದಲೂ ಹೋಗುತ್ತದೆ. ಅದು ಸುಮಾರು 50 ಅಡಿ ಮೇಲೆ. ಕಡಿದದ್ದು, ಇಳಿಸಿದ್ದು ಎಲ್ಲ ಸಲೀಸು, ಒಂದು ಹಂಚೂ ಒಡೆಯಲಿಲ್ಲ. ಕೆಳಗಿಳಿದು ಹಾರ್ನೆಸ್ ಬಿಚ್ಚಿ ಒಂದು ಚೊಂಬು ನೀರು ಕುಡಿದೆ. 'ಮುಗಿಯಿತು' ಅಂದೆ. ಎಡವಿದ್ದು ಅಲ್ಲೇ.

ಸಮುದ್ರದ ಕಡೆ ಮೋಡ ಕಪ್ಪಾಗಿತ್ತು. ಗೆಲ್ಲಿನ ಮೇಲೆ ಹಗ್ಗ ದಾಟಿಸಲು ಮೊದಲು ಎಸೆಯುವ ತೆಳು ದಾರ, ಥ್ರೋ ಲೈನ್, ಅದನ್ನು ಸಹಾಯಕ ಆಗಲೇ ಸುತ್ತಿ ಬ್ಯಾಗಿಗೆ ಹಾಕಿದ್ದ. ಸೇವರ್ ಕೆಳಗೆ ತರಲು ಹಗ್ಗದ ಒಂದು ತುದಿಗೆ ಸಣ್ಣ ಚೆಂಡು, ಅಂದರೆ ರಿಟ್ರೀವಲ್ ಬಾಲ್, ಸಿಕ್ಕಿಸಿ ಇನ್ನೊಂದು ತುದಿ ಎಳೆಯುವುದು. ಎಳೆಯುವ ಮೊದಲು ಥ್ರೋ ಲೈನನ್ನು ಬಾಲ್ ಇರುವ ತುದಿಗೆ ಕಟ್ಟಬೇಕು. ನನಗೆ ಗೊತ್ತು. ಮತ್ತೆ ಯಾರು ಬಿಚ್ಚುವುದು ಮಾರಾಯ, ಅಂತ ಬಿಟ್ಟೆ. ಬಾಲ್ ಮಾತ್ರ ಸಿಕ್ಕಿಸಿ ಎಳೆದೆ. ಬಾಲ್ ಸರಸರ ಮೇಲೆ ಹೋಯಿತು, ಟಕ್ ಅಂತ ನಿಂತಿತು. ಸೇವರ್ ಬರಲಿಲ್ಲ.

ಇನ್ನೊಮ್ಮೆ ಎಳೆದೆ. ಊಹೂಂ. ಮೊಬೈಲ್ ಜೂಮ್ ಮಾಡಿ ನೋಡಿದರೆ ಎದೆ ಧಸಕ್ಕೆಂದಿತು. ಬಾಲ್ ದೊಡ್ಡ ರಿಂಗ್ ದಾಟಿ, ಸಣ್ಣ ರಿಂಗಿಗೆ ಸಿಕ್ಕಿ, ಸೇವರನ್ನು ಗೆಲ್ಲಿನಿಂದ ಜಾರಿಸಿಕೊಂಡು ಬರಬೇಕು. ನಾನು ಸಿಕ್ಕಿಸಿದ್ದು ಸಣ್ಣ ರಿಂಗಿನ ಕಡೆಯ ತುದಿಗೆ. ಪಟ್ಟಿ ಗೆಲ್ಲನ್ನು ಹಿಸುಕಿ ಹಿಡಿದಿತ್ತು. ಥ್ರೋ ಲೈನ್ ಕಟ್ಟಿದ್ದರೆ ಆ ತುದಿಯನ್ನು ಸುಮ್ನೆ ವಾಪಸ್ ಎಳೆದುಕೊಳ್ಳಬಹುದಿತ್ತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ಪೆದ್ದುತನ. ಎಲ್ಲರೂ ಸೇರಿ ಜಗ್ಗಿದೆವು. ಗೆಲ್ಲು ಬಾಗಿತು. 'ಬಂತು, ಬಂತು' ಅಂತ ನಾನೇ ಕೂಗಿದೆ. ಬಂದದ್ದು ಸೇವರ್ ಅಲ್ಲ, ಮೇಲೆಲ್ಲೋ ಸಿಕ್ಕಿಕೊಂಡಿದ್ದ ತೋಳು ದಪ್ಪದ ಒಣ ಗೆಲ್ಲು. ಸಹಾಯಕನಿಂದ ಎರಡಡಿ ಆಚೆ ಬಿತ್ತು. ತುದಿ ಮಣ್ಣಲ್ಲಿ ಹೂತುಕೊಂಡಿತು. ಅವನ ಹೆಲ್ಮೆಟ್ ಬಾವಿಕಟ್ಟೆಯ ಮೇಲಿತ್ತು. ಮುಗಿಯಿತು ಅಂತ ಹೇಳಿದ್ದು ನಾನೇ ಅಲ್ವಾ?

ಯಾರೂ ಮಾತಾಡಲಿಲ್ಲ. ಹನಿ ಶುರುವಾಯಿತು. ನನಗಿನ್ನೂ ಬುದ್ಧಿ ಬಂದಿರಲಿಲ್ಲ. 'ಇದೇ ಹಗ್ಗದಲ್ಲಿ ಹತ್ತಿ ಬಿಡಿಸಲಾ?' ಅಂದೆ. ಒಂದು ಬಾಲ್ ನಂಬಿ ನೇತಾಡುವ ಹಗ್ಗ ಅದು. ಸಹಾಯಕ ನನ್ನ ಕೈಯಿಂದ ಹಾರ್ನೆಸ್ ಕಿತ್ತುಕೊಂಡು ಗಾಡಿಯಲ್ಲಿ ಹಾಕಿದ.

ಮರುದಿನ ಬೇರೆ ಲೈನ್ ಎಸೆದು, ಬೇರೆ ಹಗ್ಗದಲ್ಲಿ ಹತ್ತಿ ತಂದೆ. ಬೆಳಕಿಗೆ ಹಿಡಿದು ನೋಡಿದೆ. ಅಲ್ಯೂಮಿನಿಯಂ ರಿಂಗಿನಲ್ಲಿ ಉಗುರಿಗೆ ಸಿಗುವಷ್ಟು ಕಚ್ಚು. ಅದು ನಿನ್ನೆಯದಲ್ಲ. ಇಷ್ಟು ದಿನ ಮುರಕಲ್ಲಿನ ಅಂಗಳಗಳಿಗೆ ಧೊಪ್ಪೆಂದು ಬೀಳಿಸಿದ್ದರ ಗುರುತು. ಹಗ್ಗ ಪ್ರತಿ ಸಲ ಉಜ್ಜುವುದು ಅದೇ ಅಂಚಿಗೆ. ಪಟ್ಟಿಯ ಹೊಲಿಗೆಯೂ ಎರಡು ಕಡೆ ಎದ್ದಿತ್ತು.

ನಮ್ಮ ಧಣಿಗೆ ಮಾತ್ರ ಕ್ಯಾಲೆಂಡರ್ ಒಂದೇ ಲೆಕ್ಕ. ಪೆಟ್ಜಲ್‌ ಅನ್ನುವ ಹತ್ತುವ ಸಾಮಾನಿನ ಕಂಪನಿಯವರು ಬಟ್ಟೆ, ಪ್ಲಾಸ್ಟಿಕ್ ಸಾಮಾನಿಗೆ ಹೆಚ್ಚೆಂದರೆ 10 ವರ್ಷ ಅನ್ನುತ್ತಾರೆ. ಅದನ್ನು ಇವರು ಎಲ್ಲೋ ಓದಿದ್ದಾರೆ. 'ಇದಕ್ಕಿನ್ನೂ 3 ಆಗಿಲ್ಲ' ಅಂದರು. 'ಹೆಚ್ಚೆಂದರೆ' ಅನ್ನುವುದು ಅವರ ಕಣ್ಣಿಗೆ ಬಿದ್ದಿಲ್ಲ. ಹಲಸಿನ ಮೇಣ ಹೋಗಲಿ ಅಂತ ಸೀಮೆಎಣ್ಣೆ ಒರೆಸುವುದು, ಟೆರೇಸಿನ ಬಿಸಿಲಲ್ಲಿ ಒಣಹಾಕುವುದು, ಒದ್ದೆ ಹಗ್ಗದ ಜೊತೆ ವಾರಗಟ್ಟಲೆ ಚೀಲದಲ್ಲಿಡುವುದು. ಹದ ಬಿಸಿಯ ಸೋಪು ನೀರು, ನೆರಳು ಸಾಕು ಅಂತ ಎಷ್ಟು ಸಲ ಹೇಳುವುದು?

'ಸಣ್ಣ ಕೆಲಸಕ್ಕೆ ಇಟ್ಟುಕೊಳ್ಳುವ' ಅಂದರು. ಮರದಿಂದ ಬೀಳುವುದರಲ್ಲಿ ಸಣ್ಣದು ಯಾವುದು? ಅವರು ಫೋನು ಹಿಡಿದು ಹೊರಗೆ ಹೋದಾಗ ಕೈಗರಗಸದಲ್ಲಿ ಪಟ್ಟಿಯನ್ನು ಎರಡು ತುಂಡು ಮಾಡಿದೆ.

ಎರಡು ದಿನ ಮಾತಿಲ್ಲ. ಆಮೇಲೆ ಹೊಸ ಸೇವರ್ ತರಿಸಿದರು, ಸ್ಟೀಲ್ ರಿಂಗಿನದು. ಗಟ್ಟಿ, ಆದರೆ ಭಾರ. ತಲೆಗೆ ಬಿದ್ದರೆ ಮುಗಿಯಿತು. ಈಗ ಥ್ರೋ ಲೈನ್ ಕಟ್ಟಿ ಮೆಲ್ಲಗೆ ಇಳಿಸುತ್ತೇವೆ, ಅದನ್ನು ಬ್ಯಾಗಿಗೆ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಹೆಲ್ಮೆಟ್ ತೆಗೆಯುವುದೂ ಆಗಲೇ.

ಸೇವರಿನ ದುಡ್ಡು ನನ್ನ ಸಂಬಳದಲ್ಲಿ ಹಿಡಿಯುತ್ತಾರಾ ಅಂತ ನಾನು ಕೇಳಿಲ್ಲ. ಅವರೂ ಹೇಳಿಲ್ಲ.