"ನಂದೇನಿದೆ ಬಿಡಿ"

"ಅಣ್ಣ, ನಿದ್ದೆ ಬರದ ಹಾಗೆ ಮಾಡೋ ಮಾತ್ರೆ ಇದ್ಯಾ?"

ಈ ಮಂಗಳವಾರ ಸಂಜೆ ನಮ್ಮ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಹೀಗೆ ಕೇಳಿದವಳು ಎರಡನೇ ಪಿಯುಸಿ ಹುಡುಗಿ. ಪಕ್ಕದಲ್ಲಿ ಅಮ್ಮ. ಅಪ್ಪ ರಸ್ತೆಯಲ್ಲಿ ಸ್ಕೂಟರ್ ಆಫ್ ಮಾಡದೆ ಕೂತಿದ್ದರು. ಅಮ್ಮನ ಫೋನಿನಲ್ಲಿ ಯಾವುದೋ ರೀಲ್‌ನ ಸ್ಕ್ರೀನ್‌ಶಾಟ್: ಬ್ರಾಹ್ಮಿ, ಅಶ್ವಗಂಧ, ಬಯೋಟಿನ್, ಮಲ್ಟಿವಿಟಮಿನ್. ಕೊನೆಗೆ ಗೆಳತಿಯೊಬ್ಬಳು ಹೇಳಿದ ಮೊಡಾಫಿನಿಲ್. ಅದು ಹಗಲೆಲ್ಲ ಕೂತಲ್ಲೇ ನಿದ್ದೆಗೆ ಜಾರುವ ಕಾಯಿಲೆಯವರಿಗೆ ಕೊಡುವ ಔಷಧ. ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗೇ ಇಲ್ಲ.

"ಎಷ್ಟೊತ್ತು ಮಲಗ್ತೀಯಮ್ಮ?"

"ಹನ್ನೆರಡೂವರೆಗೆ ಮಲಗಿ ನಾಲ್ಕೂವರೆಗೆ ಏಳ್ತೀನಿ."

"ಓದಿದ್ದು ತಲೇಲಿ ನಿಲ್ತಿಲ್ಲ ಅಣ್ಣ, ಶಕ್ತಿಗೆ ಏನಾದ್ರೂ ಕೊಡಿ" ಅಂತ ಅಮ್ಮ. ನಾಲ್ಕು ಗಂಟೆ ನಿದ್ದೆಯಲ್ಲಿ ನಿಲ್ಲುವುದಾದರೂ ಹೇಗೆ? ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದೇ ನಿದ್ದೆಯಲ್ಲಿ, ಆ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಒಂದು ಲೋಟ ಗಟ್ಟಿ ಕಾಫಿ ಬೇರೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಅಂದರೆ ಬೆಳಗಿನ ಜಾವ ಎರಡಕ್ಕೂ ಅರ್ಧ ಲೋಟದ ಕಾಫಿ ಮೈಯಲ್ಲೇ ಇರುತ್ತದೆ. ನಿದ್ದೆ ಬಂದರೂ ಆಳಕ್ಕೆ ಇಳಿಯುವುದಿಲ್ಲ, ಎದ್ದಾಗ ತಲೆ ಭಾರ, ಅದಕ್ಕೆ ಇನ್ನೊಂದು ಕಾಫಿ. ಹತ್ತೂವರೆಗೆ ಮಲಗುವವರು ಕೊನೆಯ ಕಾಫಿಯನ್ನು ಮಧ್ಯಾಹ್ನ ಎರಡರೊಳಗೆ ಮುಗಿಸಬೇಕು. ಊಟವಾದ ಮೇಲೆ ಕಣ್ಣು ಎಳೆದರೆ ಅಲಾರಂ ಇಟ್ಟು 20 ನಿಮಿಷ ಮಲಗಲಿ. ಅದು ಮುಕ್ಕಾಲು ಗಂಟೆ ದಾಟಿದರೆ ಗಾಢ ನಿದ್ದೆಯಿಂದ ಎಬ್ಬಿಸಿದ ಹಾಗಾಗಿ ಮಂಕು ಹೆಚ್ಚುತ್ತದೆ. ಎನರ್ಜಿ ಡ್ರಿಂಕ್‌ನ 250 ಮಿಲಿ ಟಿನ್ನಿನಲ್ಲಿ ಇರುವುದು 75–80 ಮಿಲಿಗ್ರಾಂ ಕೆಫೀನ್, ಜೊತೆಗೆ ಐದು ಚಮಚಕ್ಕೂ ಮಿಕ್ಕಿದ ಸಕ್ಕರೆ. ಮಕ್ಕಳಿಗಲ್ಲ ಅಂತ ಟಿನ್ನಿನ ಮೇಲೇ ಅಚ್ಚಾಗಿರುತ್ತದೆ, ಓದುವವರಾರು.

ಇಷ್ಟರಲ್ಲಿ ಅಮ್ಮ ಪರ್ಸಿನಿಂದ ಖಾಲಿಯಾದ ಥೈರಾಯ್ಡ್ ಮಾತ್ರೆಯ ಡಬ್ಬಿ ತೆಗೆದಿಟ್ಟರು. "ಇದೂ ಒಂದು ಕೊಟ್ಬಿಡಿ." ಕೌಂಟರಿನ ಗಾಜಿನ ಮೇಲೆ ಊರಿದ್ದ ಬೆರಳಿನ ಉಗುರುಗಳು ಬಿಳಿಚಿಕೊಂಡು, ನಡುವೆ ತಗ್ಗು ಬಿದ್ದಿದ್ದವು. ಕಬ್ಬಿಣದಂಶ ಬಹಳ ಕಾಲ ಕಮ್ಮಿಯಿದ್ದವರಲ್ಲಿ ಕಾಣುವ ಉಗುರು ಅದು.

"ನಿಮಗೆ ಸುಸ್ತು ಇಲ್ವಾಮ್ಮ?"

"ನಂದೇನಿದೆ ಬಿಡಿ. ಇವಳದ್ದು ನೋಡಿ."

ಮಾತ್ರೆ ಹೇಗೆ ತಗೋತೀರಿ ಅಂದರೆ, ಬೆಳಿಗ್ಗೆ ಕಾಫಿ ಜೊತೆ ಅಂದರು. ಅಲ್ಲಿಗೆ ಆ ಮಾತ್ರೆಯ ಒಂದು ಪಾಲು ಹೊಟ್ಟೆಯಲ್ಲೇ ವ್ಯರ್ಥ. ಮಗಳಿಗಾಗಿ ಐದು ಡಬ್ಬಿಯ ಪಟ್ಟಿ ಹಿಡಿದು ಬಂದವರು, ತಾವು ಅದೆಷ್ಟು ಸಮಯದಿಂದ ನುಂಗುತ್ತಿರುವ ಮಾತ್ರೆಯನ್ನು ಹೇಗೆ ನುಂಗಬೇಕು ಅಂತ ಯಾರನ್ನೂ ಕೇಳಿರಲಿಲ್ಲ. ಕೊಡುವವರೂ ಹೇಳಿರಲಿಲ್ಲ ಅನ್ನಿ. ಡಬ್ಬಿ ಕೊಟ್ಟು ಚಿಲ್ಲರೆ ಎಣಿಸುವುದೇ ಈ ವ್ಯಾಪಾರದ ರೂಢಿ.

ಇಬ್ಬರಿಗೂ ಹೇಳಿದ್ದು ಒಂದೇ: ಮೊದಲು ರಕ್ತಕಣ ಎಣಿಸುವ ಸಿಬಿಸಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್, ವಿಟಮಿನ್ ಬಿ12, ಥೈರಾಯ್ಡಿನ ಟಿಎಸ್‌ಎಚ್ ಮಾಡಿಸಿ. ಬರೀ ಹಿಮೋಗ್ಲೋಬಿನ್ ನೋಡಿದರೆ ಸಾಲದು. ಅದು 12ರ ಮೇಲಿದ್ದೂ ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಬರಿದಾಗಿದೆ ಅಂತಲೇ ಲೆಕ್ಕ. ಮೆಟ್ಟಿಲು ಹತ್ತಿದರೆ ಏದುಸಿರು, ಪುಸ್ತಕ ಹಿಡಿದರೆ ಮಂಪರು ಬರಲು ಅಷ್ಟು ಸಾಕು.

ಸ್ಕೂಟರ್ ಮೇಲಿಂದಲೇ ಉತ್ತರ ಬಂತು. "ಟೆಸ್ಟ್ ಎಲ್ಲ ಯಾಕ್ರೀ, ಒಳ್ಳೇ ಕಂಪನಿದು ಒಂದು ಕೊಡಿ ಸಾಕು." ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಇದೇ ಮನುಷ್ಯ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತಾರೆ. ಕೆಟ್ಟವರೇನಲ್ಲ, ದುಡ್ಡು ಕೊಡಲು ಹಿಂದೆಮುಂದೆ ನೋಡುವವರೂ ಅಲ್ಲ. ಡಬ್ಬಿ ಕೊಂಡರೆ ಕೈಗೆ ಏನೋ ಬಂತು ಅನ್ನಿಸುತ್ತದೆ, ರಿಪೋರ್ಟಿನಲ್ಲಿ ಬರೀ ಕಾಗದ.

ಪಟ್ಟಿಯ ಬ್ರಾಹ್ಮಿಯನ್ನು ಸುಳ್ಳು ಅನ್ನಲಾಗದು. ನೀರುಬ್ರಾಹ್ಮಿಯ ಸತ್ವವನ್ನು ದಿನಕ್ಕೆ 300 ಮಿಲಿಗ್ರಾಂನಂತೆ ಕೊಟ್ಟು ಮಾಡಿದ ಪ್ರಯೋಗಗಳಲ್ಲಿ ನೆನಪಿನ ಮೇಲೆ ಸ್ವಲ್ಪ ಪರಿಣಾಮ ಕಂಡಿದೆ, ಆದರೆ 12 ವಾರ ಬಿಡದೆ ತಗೊಂಡ ಮೇಲೆ. ಮುಂದಿನ ವಾರದ ಪರೀಕ್ಷೆಗೆ ಅದರಿಂದ ಆಗುವುದು ಹೆಚ್ಚೆಂದರೆ ಭೇದಿ ಅಷ್ಟೇ. ತಂಬುಳಿಗೆ ಹಾಕುವ ಒಂದೆಲಗ ಬೇರೆ ಗಿಡ, ಊಟಕ್ಕೆ ಚೆನ್ನ. ಅಶ್ವಗಂಧದಿಂದ ಕೆಲವರಿಗೆ ತೂಕಡಿಕೆ, ಅಪರೂಪಕ್ಕೆ ಲಿವರ್‌ಗೆ ಪೆಟ್ಟು. ಥೈರಾಯ್ಡ್ ಮಾತ್ರೆ ತಗೊಳ್ಳುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬಯೋಟಿನ್ ಕೂದಲಿಗೆ ಅಂತ ಎಲ್ಲರೂ ನುಂಗುವ ಮಾತ್ರೆ. ಅದರ ದೊಡ್ಡ ಡೋಸ್ ಲ್ಯಾಬಿನ ಥೈರಾಯ್ಡ್ ಪರೀಕ್ಷೆಯನ್ನೇ ಕೆಡಿಸಿ, ಟಿಎಸ್‌ಎಚ್ ಇರುವುದಕ್ಕಿಂತ ಕಮ್ಮಿ ತೋರಿಸಬಹುದು. ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಬೇಕು.

ಬಿ12 ಮಾತ್ರ ಸಸ್ಯಾಹಾರಿ ಮನೆಗಳಲ್ಲಿ ನಿಜವಾಗಿ ಕೊರತೆ ಬೀಳುವ ವಸ್ತು. ಹಾಲು ಮೊಸರು ಕಮ್ಮಿಯಾದರೆ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್ ಕ್ಯಾಪ್ಸೂಲ್ ನುಂಗಿದರೆ ಇನ್ನೂ ಬೇಗ. ದಿನಕ್ಕೆ ಬೇಕಿರುವುದು ಎರಡು ಎರಡೂವರೆ ಮೈಕ್ರೋಗ್ರಾಂ, ಮಾತ್ರೆಯಲ್ಲಿ 1500 ಯಾಕೆ ಅಂತ ಕೇಳುವವರಿದ್ದಾರೆ. ಅಷ್ಟು ದೊಡ್ಡ ಡೋಸಿನಲ್ಲಿ ಒಳಗೆ ಸೇರುವುದು ನೂರಕ್ಕೆ ಒಂದು ಪಾಲಿನಷ್ಟೇ, ಅದಕ್ಕೆ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ಅಮ್ಮನ ಮಾತು ಅದೇ: "ಇವಳಿಗೆ ಬರೆದುಕೊಡಿ, ನಂದೇನಿದೆ ಬಿಡಿ." ಮನೆಯಲ್ಲಿ ಮಾರ್ಕ್ಸ್ ಬರುವವರ ಸುಸ್ತಿಗೆ ಮದ್ದು ಹುಡುಕುತ್ತಾರೆ. ಅವಳಿಗಿಂತ ಮೊದಲೆದ್ದು ಕಾಫಿ ಸೋಸುವವರ ಸುಸ್ತು ಯಾರ ಪಟ್ಟಿಯಲ್ಲೂ ಇಲ್ಲ. ಅವರೇ ಹಾಕಿಕೊಳ್ಳುವುದಿಲ್ಲ. ಮಗಳು ಮಾತ್ರ ಅಮ್ಮನ ಉಗುರನ್ನೊಮ್ಮೆ ನೋಡಿ, "ಇಬ್ಬರದ್ದೂ ಬರೀರಿ ಅಣ್ಣ" ಅಂದಳು. ಜಾಣೆ, ನಿದ್ದೆ ಮಾಡಿದರೆ ಇನ್ನೂ ಜಾಣೆಯಾಗುತ್ತಾಳೆ.

ಬರೆದುಕೊಟ್ಟಿದ್ದು ಇಷ್ಟು. ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ ಬರೀ ನೀರಿನಲ್ಲಿ, ಕಾಫಿ ಒಂದು ಗಂಟೆ ಬಿಟ್ಟು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದರೆ ಅದಕ್ಕೂ ಇದಕ್ಕೂ 4 ಗಂಟೆ ಅಂತರ. ಕಬ್ಬಿಣದ ಜೊತೆ ನಿಂಬೆ ಪಾನಕ ಆಗಬಹುದು. ಕಾಫಿ, ಟೀ, ಕ್ಯಾಲ್ಸಿಯಂ ಬೇಡ. ವಾಕರಿಕೆ ಬಂದರೆ ರಾತ್ರಿ ಊಟದ ಮೇಲೆ. ಮಲ ಕಪ್ಪಾದರೆ ಗಾಬರಿ ಬಿದ್ದು ನಿಲ್ಲಿಸಬಾರದು. ಹಿಮೋಗ್ಲೋಬಿನ್ ಸರಿಹೋದ ಮೇಲೂ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮುಂದುವರಿಸಬೇಕು. ಥೈರಾಯ್ಡ್ ಮಾತ್ರೆ ಸರಿಯಾಗಿ ತಗೊಳ್ಳಲು ಶುರು ಮಾಡಿದ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮತ್ತೊಮ್ಮೆ ನೋಡಿಸಬೇಕು. ಅದು ಮೈಗೆ ಪೂರ್ತಿ ಸೇರಲು ಶುರುವಾದರೆ ಈಗಿನ ಡೋಸೇ ಹೆಚ್ಚಾಗಿ ಎದೆ ಹೊಡೆದುಕೊಳ್ಳಬಹುದು, ಆಗ ಡಾಕ್ಟರು ಕಮ್ಮಿ ಮಾಡುತ್ತಾರೆ.